ಕಾಲೇಜು ಟೆನಿಸ್‌ನಿಂದ ಪ್ರೊ ಸರ್ಕ್ಯೂಟ್‌ಗೆ: ಮೈಸೂರಿನಿಂದ ಹೊರಡುವುದು ಹೇಗೆ?

ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಪದಕ ಗೆದ್ದರೆ ಕಾಲೇಜಿನಲ್ಲಿ ಹಾರ ಹಾಕುತ್ತಾರೆ, ನೋಟಿಸ್ ಬೋರ್ಡಿನಲ್ಲಿ ಫೋಟೊ ಬರುತ್ತದೆ. ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ಸಂಘಟನೆ) ಪಾಯಿಂಟ್ ಮಾತ್ರ ಒಂದೂ ಬರುವುದಿಲ್ಲ. ಪ್ರೊ ಟೆನಿಸ್‌ನಲ್ಲಿ ಕೇಳುವುದು ರ್‍ಯಾಂಕಿಂಗ್. ಅದರ ಲೆಕ್ಕವೇ ಬೇರೆ. ಡಿಗ್ರಿ ಮುಗಿದ ಮೇಲೆ ನೋಡಿದರಾಯ್ತು ಅಂತ ಕೂತರೆ ತಡವಾಗುತ್ತದೆ. ಡಿಗ್ರಿ ಬಿಟ್ಟು ಹೊರಟರೆ ಮನೆಯವರ ನಿದ್ದೆ ಕೆಡುತ್ತದೆ. ಎರಡನೇ ವರ್ಷದಿಂದಲೇ ಎರಡನ್ನೂ ಜೊತೆಯಲ್ಲಿ ನಡೆಸುವುದು ನನ್ನ ಪ್ರಕಾರ ಸರಿ.

ಮೊದಲು ಪಿ.ಡಿ. ಸರ್

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ವರ್ಷದ ಶುರುವಿನಲ್ಲೇ ಕಂಡು ಮಾತಾಡಿ. ಮೈಸೂರು ವಿವಿ ಕಾಲೇಜಿನವರು ಅದರ ತಂಡದ ಆಯ್ಕೆಗೆ ಹೋಗಬೇಕು. ವಿಟಿಯು ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವವರಿಗೆ ವಿಟಿಯು ತಂಡ. ಅಲ್ಲಿಂದ ದಕ್ಷಿಣ ವಲಯ, ಆಮೇಲೆ ಅಖಿಲ ಭಾರತ ಮಟ್ಟ, ಅಲ್ಲೂ ಚೆನ್ನಾಗಿ ಆಡಿದರೆ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್. 2022ರಲ್ಲಿ ಈ ಕೂಟ ಬೆಂಗಳೂರಿನಲ್ಲೇ ನಡೆದಿತ್ತು. ಈ ಟೂರ್ನಿಗಳ ದೊಡ್ಡ ಲಾಭ ಪದಕವಲ್ಲ. ಚೆನ್ನೈ, ಹೈದರಾಬಾದಿನ ಹುಡುಗರು ಎಷ್ಟು ಮುಂದಿದ್ದಾರೆ ಅಂತ ಗೊತ್ತಾಗುತ್ತದೆ. ಒಒಡಿ (ಕಾಲೇಜಿನ ಕೆಲಸದ ಮೇಲೆ ಹೋಗಿದ್ದಾರೆ ಎಂಬ) ಪತ್ರವನ್ನೂ ಅಲ್ಲೇ ಕೇಳಿ ಇಟ್ಟುಕೊಳ್ಳಿ. ಹಾಜರಾತಿ ಕಡಿಮೆಯಾದರೆ ಯಾವ ಬ್ಯಾಕ್‌ಹ್ಯಾಂಡೂ ಕಾಪಾಡುವುದಿಲ್ಲ.

ಆಮೇಲೆ ದೇಶದ ರ್‍ಯಾಂಕಿಂಗ್

ಅಖಿಲ ಭಾರತ ಟೆನಿಸ್ ಸಂಸ್ಥೆಯಲ್ಲಿ (ಎಐಟಿಎ) ಹೆಸರು ನೋಂದಾಯಿಸಿ, ಬಹುಮಾನದ ಹಣವಿರುವ ಪುರುಷರ ಅಥವಾ ಮಹಿಳೆಯರ ಟೂರ್ನಿಗಳನ್ನು ಆಡಿ. ಬಸ್ಸಲ್ಲೋ ರೈಲಲ್ಲೋ ಹೋಗಿಬರಬಹುದಾದ ಊರುಗಳಿಂದ ಶುರು ಮಾಡಿ. ಅಂತರರಾಷ್ಟ್ರೀಯ ಟೂರ್ನಿಯ ಅರ್ಹತಾ ಸುತ್ತಿನಲ್ಲಿ (ಕ್ವಾಲಿಫೈಯಿಂಗ್) ಜಾಗ ಹಂಚುವಾಗ ದೇಶದ ರ್‍ಯಾಂಕಿಂಗನ್ನೂ ನೋಡುತ್ತಾರೆ. ಇದನ್ನು ಬಿಟ್ಟು ಸೀದಾ ವಿದೇಶಕ್ಕೆ ಹಾರುವುದು ಸುಮ್ನೆ ದುಡ್ಡು ದಂಡ.

ಗುರುವಾರ ಸಂಜೆ ಏಳೂವರೆ

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ಟೂರ್ನಿ ಆಡಲು ‘ಐಪಿನ್’ ಎಂಬ ಸಂಖ್ಯೆ ಬೇಕು. ಆನ್‌ಲೈನಲ್ಲಿ ಶುಲ್ಕ ಕಟ್ಟಿ ಪಡೆಯಬಹುದು. ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಅಕ್ಷರ ತಪ್ಪದೆ ಕೊಡಿ. ಇನಿಷಿಯಲ್ ಹಿಂದೆ ಮುಂದೆ ಆಗುವುದು ನಮ್ಮ ಕಡೆ ಜಾಸ್ತಿ, ಅಲ್ವಾ?

ಟೂರ್ನಿ ಶುರುವಾಗುವ ಸೋಮವಾರಕ್ಕೆ 18 ದಿನ ಮೊದಲು, ಗುರುವಾರ, ಪ್ರವೇಶ ಮುಗಿಯುತ್ತದೆ. ನಮ್ಮ ಗಡಿಯಾರದಲ್ಲಿ ಸಂಜೆ 7.30. ಬರುವುದಿಲ್ಲ ಎಂದಾದರೆ ಅದನ್ನೂ ಅದಕ್ಕೆಂದೇ ಇರುವ ಗಡುವಿನೊಳಗೆ ತಿಳಿಸಬೇಕು, ಇಲ್ಲದಿದ್ದರೆ ದಂಡ ಬೀಳಬಹುದು. ಇಂಟರ್ನಲ್ಸ್ ವೇಳಾಪಟ್ಟಿಯನ್ನು ಐಟಿಎಫ್ ಕ್ಯಾಲೆಂಡರಿನ ಪಕ್ಕ ಇಟ್ಟುಕೊಂಡೇ ಹೆಸರು ಕೊಡಿ.

ಏಣಿಯ ಕೆಳಗಿನ ಮೊದಲ ಮೆಟ್ಟಿಲು ಪುರುಷರಿಗೆ ಎಂ15, ಮಹಿಳೆಯರಿಗೆ ಡಬ್ಲ್ಯು15. ಮೊದಲು ಕ್ವಾಲಿಫೈಯಿಂಗ್ ದಾಟಬೇಕು. ಆಮೇಲೆ ಮುಖ್ಯ ಸುತ್ತಿನಲ್ಲಿ (ಮೇನ್ ಡ್ರಾ) ಒಂದು ಪಂದ್ಯ ಗೆದ್ದರೆ ಒಂದು ಪಾಯಿಂಟ್. ಪುರುಷರಿಗೆ ಆ ಒಂದು ಪಾಯಿಂಟ್ ಬಂದರೂ ಎಟಿಪಿ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ಮಹಿಳೆಯರಿಗೆ ಅವರ ಡಬ್ಲ್ಯುಟಿಎ ಪಟ್ಟಿ ಸೇರಲು ಮೂರು ಟೂರ್ನಿಗಳಲ್ಲಿ ಪಾಯಿಂಟ್ ಬರಬೇಕು, ಇಲ್ಲವೇ ಒಟ್ಟು 10 ಪಾಯಿಂಟ್ ಆಗಬೇಕು.

ಇಂಥ ಟೂರ್ನಿಗಳು ನಮ್ಮಲ್ಲಿಗೂ ಬಂದಿವೆ. ಮೈಸೂರು, ಮಂಡ್ಯ ಎರಡೂ ಕಡೆ ಪುರುಷರ ಐಟಿಎಫ್ ಟೂರ್ನಿ ನಡೆದಿವೆ. ಮೈಸೂರಿನವರೇ ಆದ ಎಸ್.ಡಿ. ಪ್ರಜ್ವಲ್ ದೇವ್ ಈ ಸರ್ಕ್ಯೂಟಿನಲ್ಲಿ ಆಡುತ್ತ ಬಂದವರು. ಊರಲ್ಲಿ ಟೂರ್ನಿ ಇದ್ದಾಗ ವೈಲ್ಡ್ ಕಾರ್ಡ್ (ರ್‍ಯಾಂಕಿಂಗ್ ನೋಡದೆ ಸಂಘಟಕರು ಕೊಡುವ ಪ್ರವೇಶ) ಕೇಳಲು ಸಂಕೋಚ ಬೇಡ. ಸಿಗದಿದ್ದರೆ ಬಂದ ಆಟಗಾರರಿಗೆ ಹಿಟ್ಟಿಂಗ್ ಪಾರ್ಟ್ನರ್ ಆಗಿ ನಿಲ್ಲಿ. ಅವರ ಚೆಂಡಿನ ಭಾರ ಎದುರು ನಿಂತರೇನೇ ಅರ್ಥವಾಗುವುದು. ಇನ್ನೊಂದು ಮಾತು: ಮೈಸೂರು ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಚೆಂಡು ಸ್ವಲ್ಪ ಹೆಚ್ಚೇ ಹಾರುತ್ತದೆ. ಇಲ್ಲಿ ಒಳಗೆ ಬೀಳುವ ಹೊಡೆತ ಚೆನ್ನೈನಲ್ಲಿ ಗಿಡ್ಡವಾಗುತ್ತದೆ. ರ್‍ಯಾಕೆಟ್ಟಿಗೆ ಗಟ್ (ತಂತಿ) ಹಾಕಿಸುವಾಗ ಬಿಗಿಯನ್ನು ಊರಿಗೆ ತಕ್ಕಂತೆ ಬದಲಿಸಿ.

ದುಡ್ಡಿನ ಮಾತು

ಮನೆಯಲ್ಲಿ ಇದನ್ನು ಬಿಚ್ಚಿ ಹೇಳಿ. ಎಂ15 ಅಂದರೆ ಇಡೀ ಟೂರ್ನಿಗೆ 15,000 ಡಾಲರ್. ಗೆದ್ದವರಿಗೆ ಎರಡು ಸಾವಿರದ ಚಿಲ್ಲರೆ. ಮೊದಲ ಸುತ್ತಲ್ಲಿ ಸೋತವರಿಗೆ 200 ಡಾಲರೂ ಇಲ್ಲ, ಅದರಲ್ಲೂ ತೆರಿಗೆ ಕಡಿತ. ಕೋಚ್ ಖರ್ಚು, ರೂಮು, ಊಟ, ಗಟ್ ಎಲ್ಲ ನಿಮ್ಮದೇ. ಹಾಗಾಗಿ ಮೊದಲ ವರ್ಷ ಭಾರತದಲ್ಲಿ ಸಾಲಾಗಿ ನಡೆಯುವ ಟೂರ್ನಿಗಳನ್ನಷ್ಟೇ ಆರಿಸಿ, ಇಬ್ಬರು ಮೂವರು ಸೇರಿ ರೂಮು ಮಾಡಿ. ಡಬಲ್ಸ್‌ಗೂ ಹೆಸರು ಕೊಡಿ, ಅಲ್ಲಿ ವಯಸ್ಸು ಅಷ್ಟು ಅಡ್ಡ ಬರುವುದಿಲ್ಲ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ.

ಅಮೆರಿಕದ ದಾರಿ

ಪಿಯುಸಿಯಲ್ಲೇ ಒಳ್ಳೆಯ ಆಟ ಇದ್ದರೆ ಅಮೆರಿಕದ ಕಾಲೇಜುಗಳ ಸ್ಕಾಲರ್‌ಶಿಪ್ ವಿಚಾರಿಸಿ. ಅಲ್ಲಿನ ಕಾಲೇಜು ಟೆನಿಸ್ ಮಟ್ಟವೇ ಬೇರೆ. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿವಿಯಲ್ಲಿ ಓದುತ್ತಲೇ 2007 ಮತ್ತು 2008ರಲ್ಲಿ ಅಲ್ಲಿನ ರಾಷ್ಟ್ರೀಯ ಕಾಲೇಜು ಸಿಂಗಲ್ಸ್ ಗೆದ್ದರು. 2009ರಲ್ಲಿ ಚೆನ್ನೈ ಓಪನ್ ಫೈನಲ್ ತಲುಪಿದರು, 2011ರಲ್ಲಿ 62ನೇ ರ್‍ಯಾಂಕ್ ಮುಟ್ಟಿದರು. ಈಗಂತೂ ಅಲ್ಲಿನ ಕಾಲೇಜು ರ್‍ಯಾಂಕಿಂಗ್‌ನಲ್ಲಿ ಮೊದಲ 20ರೊಳಗಿನ ಪುರುಷರಿಗೆ ಐಟಿಎಫ್ ಟೂರ್ನಿಗಳಿಗಿಂತ ಮೇಲಿನ ಹಂತದ ಎಟಿಪಿ ಚಾಲೆಂಜರ್ ಟೂರ್ನಿಗಳಲ್ಲಿ ಜಾಗ ಮೀಸಲಿದೆ. ನಮ್ಮ ವಿವಿ ಪದಕಗಳಿಗೆ ಅಂಥ ಸೌಲಭ್ಯವಿಲ್ಲ.

ಇಲ್ಲಿಂದಲೇ ಹತ್ತುವವರು ಎಂ15ರ ಮೇಲಿನ ಎಂ25 ದಾಟಿ ಚಾಲೆಂಜರ್ ಮುಟ್ಟಬೇಕು. ಗ್ರ್ಯಾಂಡ್‌ಸ್ಲಾಮ್ ಕ್ವಾಲಿಫೈಯಿಂಗ್‌ಗೆ ರ್‍ಯಾಂಕ್ ಇನ್ನೂರರ ಆಸುಪಾಸು ಇರಬೇಕಾಗುತ್ತದೆ. ಗೆದ್ದ ಪಾಯಿಂಟ್ ಉಳಿಯುವುದು 52 ವಾರ ಮಾತ್ರ. ಹಾಗಾಗಿ ಅಂತಿಮ ಸೆಮಿಸ್ಟರ್ ಪರೀಕ್ಷೆಗಾಗಿ ಆಟ ನಿಲ್ಲಿಸುವ ಮೊದಲು, ಯಾವ ಪಾಯಿಂಟ್ ಯಾವ ವಾರ ಉದುರುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ.