ಆಕ್ಟಿವ್ ಸ್ಪೀಕರ್‌ನ ಗುಂಯ್ ಸದ್ದು ನಿಲ್ಲಿಸಿದ್ದು ಹೀಗೆ

ಹಳೆಯ ಆಂಪ್ಲಿಫೈಯರ್ ಕೈಕೊಟ್ಟಾಗ ಇನ್ನೊಂದು ಕೊಳ್ಳುವ ಬದಲು ಆಕ್ಟಿವ್ ಸ್ಪೀಕರ್ ತಂದೆ. ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಇರುತ್ತದೆ, ದಪ್ಪ ದನಿ ಹೊರಡಿಸುವ ವೂಫರ್‌ಗೊಂದು, ಕೀಚಲು ದನಿಯ ಟ್ವೀಟರ್‌ಗೊಂದು. ಇನ್ನೇನು, ಕೆಲಸ ಮುಗೀತು ಅಂದುಕೊಂಡೆ. ಎರಡೂ ಸ್ಪೀಕರ್‌ಗೆ ಬೇರೆಬೇರೆ ಪವರ್ ಸಾಕೆಟ್ ಬೇಕು ಅನ್ನೋದೇ ತಲೆಗೆ ಹೊಳೆದಿರಲಿಲ್ಲ!

ಸ್ವಿಚ್ ಹಾಕಿದ ಕೂಡಲೇ ಗುಂಯ್ ಅನ್ನುವ ಸದ್ದು. ವಾಲ್ಯೂಮ್ ನಾಬ್ ಕೂದಲೆಳೆಯಷ್ಟು ತಿರುಗಿಸಿದರೂ ಕಿಟಕಿ ಅದುರುತ್ತಿತ್ತು.

ಎರಡು ದಿನ ಸುಮ್ನೆ ಕೇಬಲ್ ಬದಲಾಯಿಸಿದೆ. ಆಮೇಲೆ ಒಂದೊಂದೇ ಪ್ಲಗ್ ಕಿತ್ತು ನೋಡಿದರೆ, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಸದ್ದು ಮಾಯ. ಗ್ರೌಂಡ್ ಲೂಪ್ ಅಂದ್ರೆ ಇದೇ: ಚಾರ್ಜರ್, ಸ್ಪೀಕರ್ ಎರಡೂ ಬೇರೆಬೇರೆ ದಾರಿಯಲ್ಲಿ ಅರ್ತ್ ಸೇರುತ್ತವೆ, ಲ್ಯಾಪ್‌ಟಾಪ್‌ಗೂ ಸ್ಪೀಕರ್‌ಗೂ ನಡುವೆ ಹಾಡು ಒಯ್ಯುವ ಆರ್‌ಸಿಎ ಕೇಬಲ್‌ನ ಹೊರಜಾಲರಿಯಲ್ಲಿ ಸಣ್ಣ ಕರೆಂಟ್ ಹರಿದು ಹಾಡಿನ ಜೊತೆ ಬೆರೆತುಬಿಡುತ್ತದೆ. ಕೆಲವರು ಅರ್ತ್ ಪಿನ್ ತೆಗೆದುಬಿಡಿ ಅಂತಾರೆ. ಬೇಡವೇ ಬೇಡ, ಜೀವಕ್ಕೇ ಅಪಾಯ.

ನಾನು ಬ್ಯಾಲೆನ್ಸ್ಡ್ ಔಟ್‌ಪುಟ್ ಇರುವ ಡ್ಯಾಕ್ (ಡಿಜಿಟಲ್ ಹಾಡನ್ನು ಸ್ಪೀಕರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ತಂದು, ಆರ್‌ಸಿಎ ಬದಲು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಹಾಕಿದೆ. ಅದರಲ್ಲಿ ಒಂದೇ ಸಿಗ್ನಲ್ ಎರಡು ತಂತಿಯಲ್ಲಿ ಉಲ್ಟಾಪಲ್ಟಾ ಹೋಗುತ್ತದೆ, ಎರಡಕ್ಕೂ ಒಂದೇ ಥರ ಅಂಟಿದ ಗದ್ದಲ ಸ್ಪೀಕರ್‌ನಲ್ಲಿ ಕಳೆದುಹೋಗುತ್ತದೆ. ಸದ್ದು ಪೂರ್ತಿ ನಿಂತಿತು.

ಆದರೆ ವಾಲ್ಯೂಮ್ ಇನ್ನೂ ಜಾಸ್ತಿ ಆಯಿತು! ಆರ್‌ಸಿಎ ಸಾಮಾನ್ಯವಾಗಿ 2 ವೋಲ್ಟ್ ಕೊಟ್ಟರೆ ಎಕ್ಸ್‌ಎಲ್‌ಆರ್ 4 ಕೊಡುತ್ತದಲ್ವಾ. ಸ್ಪೀಕರ್ ಬೆನ್ನಿಗಿದ್ದ ಪುಟ್ಟ ಸೆನ್ಸಿಟಿವಿಟಿ ಸ್ವಿಚ್ಚನ್ನು (ಬರುವ ಸಿಗ್ನಲ್ ಎಷ್ಟು ಹೆಚ್ಚಿಸಬೇಕು ಅನ್ನೋದನ್ನು ಹೊಂದಿಸುವಂಥದ್ದು) 10 ಡೆಸಿಬಲ್ ಇಳಿಸಿದೆ, ಎರಡೂ ಸ್ಪೀಕರ್‌ಗೆ ಒಂದೇ ಅಳತೆ. ಈಗ ನಾಬ್ ಅರ್ಧಕ್ಕೆ ಬಂದಾಗ ಹಾಡು ಹಿತವಾಗಿ ಕೇಳುತ್ತದೆ.