ಮನೆಯ ಬಾಯ್ಲರ್‌ಗೆ ಗ್ಯಾಸ್ ಪೈಪು ಮತ್ತು ಹೊಗೆಕೊಳವೆ: ಸುರಕ್ಷಿತ ಅಳವಡಿಕೆಯ ಕ್ರಮ

ಮನೆಗೆ ಗ್ಯಾಸ್ ಬಾಯ್ಲರ್ ಹಾಕಿಸುವಾಗ ಎಲ್ಲರ ಗಮನವೂ ಸಾಮಾನ್ಯವಾಗಿ ಗ್ಯಾಸ್ ಪೈಪಿನ ಮೇಲೆಯೇ ಇರುತ್ತದೆ. ಸೋರಿದ ಅನಿಲ ಹೊತ್ತಿಕೊಂಡರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅದು ಸಹಜವೇ. ಆದರೆ ಮನೆಗೆ ಬರುವ ಅನಿಲಕ್ಕೆ ಬೇಕೆಂದೇ ಕಟುವಾದ ವಾಸನೆಯನ್ನು ಬೆರೆಸಿರುತ್ತಾರೆ. ಸೋರಿಕೆಯಾದರೆ ಬಹುಮಟ್ಟಿಗೆ ಮೂಗಿಗೆ ತಿಳಿಯುತ್ತದೆ. ಹೊಗೆಕೊಳವೆ ಸೋರಿದರೆ ಕೋಣೆಗೆ ಬರಬಹುದಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಸುಸ್ತು ಎಂಬ ಮೊದಲ ಲಕ್ಷಣಗಳು ಬೇರೆ ಕಾಯಿಲೆಯಂತೆ ಕಾಣುತ್ತವೆ, ಮಲಗಿದವರಿಗೆ ಆ ಸೂಚನೆಯೂ ಸಿಗುವುದಿಲ್ಲ. ಆದ್ದರಿಂದ ಗ್ಯಾಸ್ ಪೈಪಿಗೆ ಕೊಡುವಷ್ಟೇ ಅಲ್ಲ, ಅದಕ್ಕಿಂತ ಹೆಚ್ಚಿನ ಎಚ್ಚರವನ್ನು ಹೊಗೆಕೊಳವೆಗೆ ಕೊಡಬೇಕು.

ಪೈಪು ಕತ್ತರಿಸಿ ಬೆಸೆಯುವುದು, ಒತ್ತಡ ಪರೀಕ್ಷಿಸುವುದು, ಬಾಯ್ಲರ್‌ನ ಕವಚ ತೆಗೆದು ಗ್ಯಾಸ್ ವಾಲ್ವ್ ಹೊಂದಿಸುವುದು, ಇವೆಲ್ಲ ಪರವಾನಗಿ ಪಡೆದ ಗ್ಯಾಸ್ ತಂತ್ರಜ್ಞರ ಕೆಲಸ. ಅನೇಕ ದೇಶಗಳಲ್ಲಿ ಬೇರೆಯವರು ಅದನ್ನು ಮಾಡುವುದು ಕಾನೂನಿಗೆ ವಿರುದ್ಧ. ಮನೆಯವರು ಮಾಡಬೇಕಾದದ್ದು ಜಾಗವನ್ನು ಸರಿಯಾಗಿ ಆರಿಸುವುದು, ಕೆಲಸದ ಪ್ರತಿ ಹಂತದಲ್ಲಿ ಏನು ನಡೆಯಬೇಕೆಂದು ತಿಳಿದಿರುವುದು ಮತ್ತು ಯಾವ ಪರೀಕ್ಷೆಯೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು.

ಗ್ಯಾಸ್ ಪೈಪು

ಮೊದಲು ತಿಳಿಯಬೇಕಾದದ್ದು ಬಾಯ್ಲರ್‌ಗೆ ಎಷ್ಟು ಅನಿಲ ಬೇಕು ಎಂಬುದು. ಅಡುಗೆ ಒಲೆಯ ಒಂದು ಬರ್ನರ್ ಸಾಧಾರಣವಾಗಿ 2ರಿಂದ 3 ಕಿಲೋವ್ಯಾಟ್‌ನಷ್ಟಿದ್ದರೆ, ಮನೆಯ ಬಾಯ್ಲರ್ 24 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನದಾಗಿರುತ್ತದೆ. ಪೂರ್ಣ ಬಲದಲ್ಲಿ ಅದು ಗಂಟೆಗೆ ಸುಮಾರು 2.5 ಘನ ಮೀಟರ್ ನೈಸರ್ಗಿಕ ಅನಿಲವನ್ನು ಉರಿಸುತ್ತದೆ. ಒಲೆಗೆ ಸಾಕಾಗಿದ್ದ ಸಣ್ಣ ಪೈಪಿನಿಂದಲೇ ಕವಲು ತೆಗೆದು ಬಾಯ್ಲರ್‌ಗೆ ಕೊಡುವುದು ಆ ಕಾರಣಕ್ಕೇ ಸಲ್ಲದು. ಮನೆಯೊಳಗಿನ ನೈಸರ್ಗಿಕ ಅನಿಲದ ಒತ್ತಡ ಇರುವುದೇ ಸುಮಾರು 20 ಮಿಲಿಬಾರ್. ಅದರಲ್ಲಿ ಎರಡು ಮೂರು ಮಿಲಿಬಾರ್ ದಾರಿಯಲ್ಲೇ ಕಳೆದುಹೋದರೂ ಉರಿ ಕೆಡಬಹುದು. ಮೀಟರಿನಿಂದ ಬಾಯ್ಲರ್‌ವರೆಗೆ ಒತ್ತಡದ ಇಳಿಕೆ 1 ಮಿಲಿಬಾರ್ ದಾಟದಂತೆ ಪೈಪಿನ ವ್ಯಾಸ ಆರಿಸುವುದು ಒಳ್ಳೆಯ ಕ್ರಮ. ಉದ್ದದ ಲೆಕ್ಕ ಹಾಕುವಾಗ ಪ್ರತಿ ಎಲ್ಬೋ (ತಿರುವಿನ ತುಂಡು) ಕೂಡ ಒಂದಿಷ್ಟು ಹೆಚ್ಚುವರಿ ಪೈಪಿಗೆ ಸಮ ಎಂಬುದನ್ನು ಮರೆಯಬಾರದು.

ಅನಿಲ ಯಾವುದು ಎಂಬುದು ಬಾಯ್ಲರ್‌ನ ಮೇಲಿನ ಫಲಕದಲ್ಲಿ ಬರೆದಿರುವುದಕ್ಕೆ ಹೊಂದಬೇಕು. ನೈಸರ್ಗಿಕ ಅನಿಲಕ್ಕೆಂದು ಮಾಡಿದ ಬಾಯ್ಲರ್‌ಗೆ ಎಲ್‌ಪಿಜಿ ಕೊಡಬೇಕಾದರೆ ತಯಾರಕರು ಒಪ್ಪಿದ ಪರಿವರ್ತನೆ ಆಗಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಮೇಲೇರಿ ಚದುರದೆ ನೆಲದ ಮಟ್ಟದಲ್ಲಿ ಮಡುಗಟ್ಟುತ್ತದೆ. ನೆಲಮಾಳಿಗೆಯಲ್ಲಿ ಎಲ್‌ಪಿಜಿ ಬಾಯ್ಲರ್ ಇಡುವ ಯೋಚನೆಯನ್ನೇ ಕೈಬಿಡುವುದು ಲೇಸು.

ಗೋಡೆಯೊಳಗಿಂದ ಹಾಯುವ ಕಡೆ ಪೈಪು ನೇರವಾಗಿ ಗಾರೆಗೆ ತಾಗದೆ ಒಂದು ಹೊರಕೊಳವೆಯೊಳಗಿಂದ ಸಾಗಬೇಕು, ಗೋಡೆಯ ಟೊಳ್ಳಿನಲ್ಲಿ ಅನಿಲ ತುಂಬಿಕೊಳ್ಳಲು ಅವಕಾಶವಿರಬಾರದು. ವಿದ್ಯುತ್ ತಂತಿಗಳಿಂದ ನಿಯಮ ಹೇಳುವಷ್ಟು ಅಂತರವಿರಲಿ. ಬಾಯ್ಲರ್‌ನ ಪಕ್ಕದಲ್ಲೇ ಕೈಗೆ ಎಟಕುವಂತೆ ಒಂದು ಬಂದ್ ಮಾಡುವ ವಾಲ್ವ್ ಇರಬೇಕು.

ಸೋರಿಕೆ ಪರೀಕ್ಷೆಯನ್ನು ಪೈಪಿನ ಮೇಲೆ ಗಾರೆ ಅಥವಾ ಹಲಗೆ ಮುಚ್ಚುವ ಮೊದಲೇ ಮಾಡಿಸಬೇಕು. ಪೈಪಿನಲ್ಲಿ ಒತ್ತಡ ತುಂಬಿ, ಪೂರೈಕೆ ಮುಚ್ಚಿ, ಉಷ್ಣತೆ ಸ್ಥಿರವಾಗಲು ಸ್ವಲ್ಪ ಹೊತ್ತು ಬಿಟ್ಟು, ನಂತರ ಒತ್ತಡ ಅಳೆಯುವ ಮಾನೋಮೀಟರ್‌ನ ಮುಳ್ಳು ಅಥವಾ ನೀರಿನ ಮಟ್ಟ ಕದಲದೆ ನಿಲ್ಲುತ್ತದೆಯೇ ಎಂದು ನೋಡುತ್ತಾರೆ. ಹೊಸ ಪೈಪಿನಲ್ಲಿ ಅದು ಇಳಿಯಲೇಬಾರದು. ಇಳಿದರೆ ಪ್ರತಿ ಜೋಡಣೆಗೂ ಸೋರಿಕೆ ಪತ್ತೆಯ ದ್ರವ ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಬೇಕು. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಯಾರಿಗಾದರೂ ಇದ್ದರೆ ಅವರಿಂದ ಕೆಲಸ ಮಾಡಿಸಬೇಡಿ.

ಹೊಗೆಕೊಳವೆ

ಇಂದಿನ ಹೆಚ್ಚಿನ ಬಾಯ್ಲರ್‌ಗಳು ಮುಚ್ಚಿದ ಬಗೆಯವು: ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುತ್ತವೆ. ಒಂದರೊಳಗೊಂದು ಕೂತ ಎರಡು ಕೊಳವೆಗಳಲ್ಲಿ ಒಳಗಿನದು ಹೊಗೆಗೆ, ಸುತ್ತಲಿನದು ಗಾಳಿಗೆ. ಕೋಣೆಯ ಗಾಳಿಯನ್ನೇ ಬಳಸುವ ತೆರೆದ ಬಗೆಯ ಬಾಯ್ಲರ್‌ಗಿಂತ ಇದು ಎಷ್ಟೋ ಸುರಕ್ಷಿತ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಇದನ್ನೇ ಆರಿಸಿಕೊಳ್ಳಿ.

ಕೊಳವೆ, ಎಲ್ಬೋ, ಹೊರತುದಿಯ ಮುಚ್ಚಳ ಎಲ್ಲವೂ ಆ ಬಾಯ್ಲರ್ ಮಾದರಿಗೆ ತಯಾರಕರು ಒಪ್ಪಿದ ಭಾಗಗಳೇ ಆಗಿರಬೇಕು. ಅಳತೆ ಹೊಂದುತ್ತದೆ ಎಂದು ಬೇರೆ ಕಂಪನಿಯ ತುಂಡನ್ನು ಸೇರಿಸಿದರೆ ರಬ್ಬರ್ ಸೀಲ್ ಸರಿಯಾಗಿ ಕೂರದಿರಬಹುದು. ಕೊಳವೆಯ ಗರಿಷ್ಠ ಉದ್ದ ಕೈಪಿಡಿಯಲ್ಲಿರುತ್ತದೆ, ಪ್ರತಿ ತಿರುವಿಗೂ ಅದರಿಂದ ಇಷ್ಟು ಕಳೆಯಬೇಕೆಂಬ ಲೆಕ್ಕವೂ ಅಲ್ಲೇ ಇರುತ್ತದೆ. ಕೊಳವೆಯನ್ನು ಕತ್ತರಿಸುವಾಗ ತುದಿ ಓರೆಯಾಗದಂತೆ ನೋಡಿಕೊಂಡು, ಅಂಚಿನ ಗರಗಸದ ಮುಳ್ಳುಗಳನ್ನು ಉಜ್ಜಿ ತೆಗೆದ ಮೇಲೆಯೇ ಸೀಲಿನೊಳಗೆ ತಳ್ಳಬೇಕು, ಏಕೆಂದರೆ ಹರಿತವಾದ ಅಂಚು ಸೀಲನ್ನು ಸೀಳಿದರೆ ಅದು ಹೊರಗಿನಿಂದ ಕಾಣುವುದೇ ಇಲ್ಲ. ಪ್ರತಿ ತುಂಡಿಗೂ ಗೋಡೆಗೆ ಬಿಗಿದ ಕ್ಲ್ಯಾಂಪ್ ಬೇಕು. ಭಾರಕ್ಕೆ ಕೊಳವೆ ಜೋತುಬಿದ್ದರೆ ಜೋಡಣೆಗಳು ನಿಧಾನವಾಗಿ ಕಳಚಿಕೊಳ್ಳುತ್ತವೆ.

ವಾಟದ ವಿಷಯದಲ್ಲಿ ತಪ್ಪು ಸುಲಭವಾಗಿ ಆಗುತ್ತದೆ. ಹೊಗೆಯಲ್ಲಿ ಉಳಿದ ಶಾಖವನ್ನೂ ಹೀರಿಕೊಳ್ಳುವ ಕಂಡೆನ್ಸಿಂಗ್ ಬಾಯ್ಲರ್‌ನಲ್ಲಿ ಹೊಗೆಯ ನೀರಾವಿ ಕೊಳವೆಯೊಳಗೇ ತಣಿದು ನೀರಾಗುವುದರಿಂದ, ಆ ನೀರು ಬಾಯ್ಲರ್‌ಗೇ ಹಿಂದಿರುಗುವಂತೆ ಅಡ್ಡಕೊಳವೆಗೆ ಮೀಟರಿಗೆ ಸುಮಾರು 50 ಮಿ.ಮೀ. ವಾಟ ಕೊಡುತ್ತಾರೆ, ನಿಖರವಾದ ಅಳತೆಗೆ ಕೈಪಿಡಿಯೇ ಪ್ರಮಾಣ, ರಸಮಟ್ಟ ಇಟ್ಟು ನೋಡದೆ ಕಣ್ಣಳತೆಗೆ ಬಿಡಬಾರದು. ಈ ನೀರು ಆಮ್ಲೀಯವಾದುದು, ಅದನ್ನು ಚರಂಡಿಗೆ ಒಯ್ಯುವ ಪೈಪು ಪ್ಲಾಸ್ಟಿಕ್ಕಿನದಾಗಿರಬೇಕೇ ಹೊರತು ತಾಮ್ರದ್ದಾಗಬಾರದು. ಬಾಯ್ಲರ್‌ನ ತಳದಲ್ಲಿ ಈ ನೀರು ನಿಲ್ಲುವ ಟ್ರ್ಯಾಪ್‌ಗೆ ಮೊದಲ ಸಲ ಹೊತ್ತಿಸುವ ಮುನ್ನ ನೀರು ತುಂಬಿಸಿರಲೇಬೇಕು. ಅದು ಖಾಲಿಯಿದ್ದರೆ ಹೊಗೆ ಆ ದಾರಿಯಿಂದಲೇ ಹೊರಬರುತ್ತದೆ.

ಹೊರತುದಿ ಎಲ್ಲಿ ತೆರೆದುಕೊಳ್ಳಬೇಕು ಎಂಬುದಕ್ಕೆ ಆಯಾ ದೇಶದ ನಿಯಮಗಳು ಅಂತರಗಳನ್ನು ನಿಗದಿ ಮಾಡಿವೆ. ಅವುಗಳ ಆಶಯ ಒಂದೇ: ಬಿಟ್ಟ ಹೊಗೆ ಯಾವ ಕಿಟಕಿ, ಬಾಗಿಲು, ಗಾಳಿಕಿಂಡಿಯಿಂದಲೂ ಮತ್ತೆ ಮನೆಯೊಳಗೆ ಬರಬಾರದು, ನೆರೆಯವರ ಮನೆಗೂ ಹೋಗಬಾರದು. ಗಾಳಿಯಾಡದ ಮೂಲೆ, ಮುಚ್ಚಿದ ಬಾಲ್ಕನಿ, ಮುಂದೆ ಗಾಜು ಹಾಕಿ ಮುಚ್ಚುವ ಯೋಚನೆಯಿರುವ ವರಾಂಡ ಬೇಡ. ಕೊಳವೆಯು ಸುಳ್ಳು ಚಾವಣಿಯ (ಫಾಲ್ಸ್ ಸೀಲಿಂಗ್) ಮೇಲೆ ಹಾಯುವುದಾದರೆ ಪ್ರತಿ ಜೋಡಣೆಯೂ ಕಾಣುವಂತೆ ತೆರೆಯಬಹುದಾದ ಮುಚ್ಚಳಗಳನ್ನು ಇಡಿಸಿ. ಚಾವಣಿಯ ಅಂದ ಕೆಡುತ್ತದೆ ಎಂದು ಇದನ್ನು ಬಿಡುವವರಿದ್ದಾರೆ. ನೋಡಲಾಗದ ಜೋಡಣೆಯನ್ನು ಮುಂದೆ ಯಾರೂ ಪರೀಕ್ಷಿಸಲಾರರು.

ತೆರೆದ ಬಗೆಯ ಬಾಯ್ಲರ್ ಅನಿವಾರ್ಯವಾದರೆ ಅದನ್ನು ಮಲಗುವ ಕೋಣೆಯಲ್ಲಿ, ಸ್ನಾನದ ಮನೆಯಲ್ಲಿ ಇಡಲೇಬಾರದು. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಪೂರ್ತಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕಾಗುವುದರಿಂದ, ಕೋಣೆಗೆ ಮುಚ್ಚಲಾಗದ ಗಾಳಿಕಿಂಡಿ ಬೇಕು. ಚಳಿಗೆಂದು ಅದಕ್ಕೆ ಬಟ್ಟೆ ತುರುಕುವುದು ಜೀವಕ್ಕೇ ಅಪಾಯ. ಕಿಟಕಿ ಬಾಗಿಲು ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಬಾಯ್ಲರ್ ಬಿಸಿಯಾದ ಮೇಲೆ ಅದರ ಹೊಗೆಬಾಯಿಯ ಹತ್ತಿರ ಹೊಗೆಕಡ್ಡಿ ಹಿಡಿದು, ಹೊಗೆ ಕೊಳವೆಯೊಳಗೆ ಎಳೆದುಕೊಳ್ಳುತ್ತದೆಯೋ ಕೋಣೆಗೆ ಹಿಂದೆ ಬರುತ್ತದೆಯೋ ನೋಡಬೇಕು. ಹಿಂದೆ ಬಂದರೆ ಆ ಬಾಯ್ಲರ್ ಅನ್ನು ಅಲ್ಲಿಗೇ ನಿಲ್ಲಿಸಬೇಕು.

ಮೊದಲ ಸಲ ಹೊತ್ತಿಸುವಾಗ

ಬಾಯ್ಲರ್ ಹೊತ್ತಿ ನೀರು ಬಿಸಿಯಾಯಿತೆಂದರೆ ಕೆಲಸ ಮುಗಿದಂತಲ್ಲ. ಮನೆಯ ಉಳಿದ ಗ್ಯಾಸ್ ಸಾಧನಗಳನ್ನೂ ಹೊತ್ತಿಸಿ, ಬಾಯ್ಲರ್ ಪೂರ್ಣ ಬಲದಲ್ಲಿ ಉರಿಯುವಾಗ ಅದಕ್ಕೆ ಅನಿಲ ಒಳಬರುವ ಬಾಯಲ್ಲಿ ಒತ್ತಡ ಎಷ್ಟಿದೆ ಎಂದು ತಂತ್ರಜ್ಞರು ಅಳೆಯಬೇಕು. ನಂತರ ಹೊಗೆ ವಿಶ್ಲೇಷಕ ಯಂತ್ರದ ಮೊನೆಯನ್ನು ಹೊರಸುತ್ತಿನ ಗಾಳಿಕೊಳವೆಯೊಳಗೆ ಇಟ್ಟು ಆಮ್ಲಜನಕ ನೋಡಬೇಕು. ಶುದ್ಧ ಗಾಳಿಯಲ್ಲಿರುವಂತೆ ಅದು ಸುಮಾರು ಶೇ 20.9 ಇರಬೇಕು, ಶೇ 20.6ಕ್ಕಿಂತ ಕೆಳಗಿಳಿದರೆ ಒಳಕೊಳವೆಯ ಹೊಗೆ ಎಲ್ಲೋ ಗಾಳಿಗೆ ಬೆರೆಯುತ್ತಿದೆ, ಅಂದರೆ ಒಂದು ಸೀಲ್ ಜಾರಿದೆ ಎಂದು ಅರ್ಥ. ಆಮೇಲೆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳ ಅನುಪಾತವನ್ನು ಅಳೆಯುತ್ತಾರೆ. ಕಂಡೆನ್ಸಿಂಗ್ ಬಾಯ್ಲರ್‌ಗಳಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ 0.004. ಈ ಅಂಕಿಗಳನ್ನು ಯಂತ್ರದಿಂದ ಮುದ್ರಿಸಿದ ಚೀಟಿಯೊಂದಿಗೆ ಕೇಳಿ ಪಡೆಯಿರಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಅನ್ನು ಬಾಯ್ಲರ್ ಇರುವ ಕೋಣೆಯಲ್ಲಿ ಅದರಿಂದ 1ರಿಂದ 3 ಮೀಟರ್ ದೂರದಲ್ಲಿ ಹಾಕಿಸಿ, ಮಲಗುವ ಕೋಣೆಗಳ ಬಳಿ ಇನ್ನೊಂದಿದ್ದರೆ ಒಳ್ಳೆಯದು. ಅದು ಸದ್ದು ಮಾಡಿದರೆ ಸಾಧ್ಯವಾದಷ್ಟು ಬೇಗ ಬಾಯ್ಲರ್ ಆರಿಸಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಬಂದು ತುರ್ತು ಸೇವೆಗೆ ಕರೆ ಮಾಡಬೇಕು. ತಂತ್ರಜ್ಞರು ಕೊಳವೆ, ಸೀಲ್‌ಗಳು ಮತ್ತು ಉರಿಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಬಾಯ್ಲರ್ ಅನ್ನು ಮತ್ತೆ ಹೊತ್ತಿಸಬಾರದು. ವರ್ಷಕ್ಕೊಮ್ಮೆ ನಡೆಯುವ ಸರ್ವೀಸ್‌ನಲ್ಲೂ ಇದೇ ಅಳತೆಗಳನ್ನು ಮತ್ತೆ ತೆಗೆಸಿ, ಮೊದಲ ದಿನದ ಚೀಟಿಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.