ಕಂತಿನ ಲೆಕ್ಕ: ಬ್ರೈನ್ ಟ್ಯೂಮರ್ ಚಿಕಿತ್ಸೆಗೆ ದುಡ್ಡು ಕೂಡಿಸಿದ ನನ್ನ ಅನುಭವ

"ಮೂವತ್ತು ಲಕ್ಷ ಅಂತ ಹಾಕಿ ಮಾಸ್ಟ್ರೇ, ಸಣ್ಣ ಮೊತ್ತ ಕಂಡರೆ ಯಾರೂ ಕೈ ಬಿಚ್ಚುವುದಿಲ್ಲ." ರೋಗಿಯ ಖರ್ಚಿಗೆ ಊರವರು ಸೇರಿ ದುಡ್ಡು ಎತ್ತುವ ಚಿಕಿತ್ಸಾ ಸಹಾಯ ಸಮಿತಿಯ ಮೊದಲ ಮೀಟಿಂಗಿನಲ್ಲಿ ಈ ಮಾತು ಬಂದೇ ಬರುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಆರೇಳು ಸಮಿತಿಗಳ ಲೆಕ್ಕ ಬರೆದಿದ್ದೇನೆ, ಅದರಲ್ಲಿ ಟ್ಯೂಮರಿನವು ಮೂರು. ಮೊದಲನೆಯದರಲ್ಲಿ ಈ ಮಾತು ಕೇಳಿ ಕೆಟ್ಟೆವು. ಎರಡನೆಯದರಲ್ಲಿ ಅರ್ಧ ಕಲಿತೆವು. ಮೂರನೆಯದರಲ್ಲಿ ಮೊತ್ತವನ್ನು ಮೂರು ಕಂತಾಗಿ ಒಡೆದು ಕೇಳಿದೆವು, ಮೂರೂ ತುಂಬಿತು. ಅಂದು ನಗಾಡಿದವರೇ ಈಗ ಲೆಕ್ಕದ ಪುಸ್ತಕದ ಫೋಟೊ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಕಳಿಸುವ ಬದಲು ಬರೆದೇ ಬಿಡುತ್ತೇನೆ.

ಮೊದಲ ಸಲ ಒಟ್ಟು ಮೊತ್ತದ ಫ್ಲೆಕ್ಸ್ ಹಾಕಿದಾಗ ಮೂರು ವಾರದಲ್ಲಿ ಸುಮಾರು ಒಂಬತ್ತು ಲಕ್ಷ ಬಂತು. ಅದರಲ್ಲಿ ಏಳು ಲಕ್ಷ ಆಪರೇಷನ್ನಿಗೆ ಹೋಯಿತು. ಆಪರೇಷನ್ ಆಯಿತಂತೆ ಎಂಬ ಸುದ್ದಿ ಹಬ್ಬಿದ ದಿನವೇ ದುಡ್ಡು ಬರುವುದು ನಿಂತಿತು. ಊರಿನವರಿಗೆ ಆಪರೇಷನ್ ಆದರೆ ಕಾಯಿಲೆ ಮುಗಿದ ಹಾಗೆ. ಗ್ಲಯೋಬ್ಲಾಸ್ಟೋಮದಂಥ ಬೇಗ ಬೆಳೆಯುವ ಕ್ಯಾನ್ಸರ್ ಗೆಡ್ಡೆಯಾದರೆ ಖರ್ಚು ಸುರುವಾಗುವುದೇ ಅಲ್ಲಿಂದ. ವಾರಕ್ಕೆ ಐದು ದಿನದಂತೆ ಆರು ವಾರ, 30 ಸಲ ರೇಡಿಯೇಷನ್. ಜತೆಗೆ ದಿನಾಲೂ ಟೆಮೊಜೊಲೊಮೈಡ್ ಎಂಬ ಕೀಮೊ ಕ್ಯಾಪ್ಸೂಲ್. ಒಂದು ತಿಂಗಳು ಬಿಟ್ಟು ಮತ್ತೆ ಅದೇ ಮದ್ದು, 28 ದಿನಕ್ಕೊಮ್ಮೆ ಐದು ದಿನದಂತೆ ಆರು ಸುತ್ತು. ಅಷ್ಟರಲ್ಲಿ ಫ್ಲೆಕ್ಸ್ ಬಿಸಿಲಿಗೆ ಬಿಳಿಚಿಕೊಂಡಿರುತ್ತದೆ. ಇದರ ತಿರುವುಮುರುವೂ ಆಗುವುದುಂಟು. ಬಯಾಪ್ಸಿಯಲ್ಲಿ ಸಾಧು ಮೆನಿಂಜಿಯೋಮ (ಕ್ಯಾನ್ಸರ್ ಅಲ್ಲದ, ಮೆದುಳಿನ ಪೊರೆಯ ಗೆಡ್ಡೆ) ಎಂದು ಬಂದರೆ ಅನೇಕ ಸಲ ಆಪರೇಷನ್ನಿಗೇ ಮುಗಿಯುತ್ತದೆ. ಆಗ ಮೂವತ್ತು ಲಕ್ಷದ ಫ್ಲೆಕ್ಸ್ ಹಾಕಿದವರು ಪೇಟೆಯಲ್ಲಿ ಉತ್ತರ ಹೇಳಬೇಕಾಗುತ್ತದೆ.

ಆದ್ದರಿಂದ ಮೊದಲ ಕಂತು ಆಪರೇಷನ್ ಮತ್ತು ಬಯಾಪ್ಸಿಗೆ ಮಾತ್ರ. ಎಸ್ಟಿಮೇಟನ್ನು ಬಾಯಲ್ಲಿ ಕೇಳಿ ಬರಬಾರದು. ಲೆಟರ್‌ಹೆಡ್ಡಿನಲ್ಲಿ, ಸೀಲು ಹಾಕಿಸಿ, ರೋಗಿಯ ಆಸ್ಪತ್ರೆ ನಂಬರ್ ಸಮೇತ ತರಬೇಕು. ಐಸಿಯು ದಿನಕ್ಕೆ ಎಷ್ಟು, ನ್ಯಾವಿಗೇಷನ್ (ಆಪರೇಷನ್ ವೇಳೆ ಗೆಡ್ಡೆಯ ಜಾಗ ತೋರಿಸುವ ಯಂತ್ರ) ಚಾರ್ಜು ಪ್ಯಾಕೇಜಿನ ಒಳಗೋ ಹೊರಗೋ, ಗೆಡ್ಡೆಯ ಜೀನ್ ನೋಡುವ ಎಂಜಿಎಂಟಿ, ಐಡಿಎಚ್‌ನಂಥ ಪರೀಕ್ಷೆ ಹೊರಗಿನ ಲ್ಯಾಬಿಗೆ ಹೋಗುತ್ತದೋ ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕು. ನಮಗೆ ಪೆಟ್ಟು ಬಿದ್ದದ್ದು ಎರಡು ಕಡೆ: ಲ್ಯಾಬಿನ ಇಪ್ಪತ್ತು ಸಾವಿರದ ಮೇಲಿನ ಬಿಲ್ಲು ಲೆಕ್ಕದಲ್ಲೇ ಇರಲಿಲ್ಲ, ಎರಡು ದಿನ ಎಂದ ಐಸಿಯು ಆರು ದಿನ ಆಯಿತು. ಈಗ ಎಸ್ಟಿಮೇಟಿಗೆ ನಾಲ್ಕು ಐಸಿಯು ದಿನ ಕಣ್ಣು ಮುಚ್ಚಿ ಸೇರಿಸುತ್ತೇನೆ.

ಹೆಚ್ಚು ದುಡ್ಡು ಕೊಟ್ಟಲ್ಲೇ ಒಳ್ಳೆಯ ಚಿಕಿತ್ಸೆ ಎಂಬ ಭ್ರಮೆ ನಮ್ಮಲ್ಲಿ ಉಂಟು. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಎರಡೂ ಸರ್ಕಾರಿ ಸಂಸ್ಥೆಗಳು, ಮೆದುಳಿನ ಆಪರೇಷನ್ನಿಗೇ ಹೆಸರಾದವು. ಅಲ್ಲಿ ಕಾಯಬೇಕು, ಅಷ್ಟೆ. ಕಾಯಬಹುದೋ ಬಾರದೋ ಎಂದು ಹೇಳಬೇಕಾದವರು ಡಾಕ್ಟರು, ಸಮಿತಿಯಲ್ಲ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಎಂಆರ್‌ಐ ಫಿಲ್ಮಿನ ಫೋಟೊ ಕೆಲಸಕ್ಕೆ ಬಾರದು, ಸಿಡಿಯೇ ಬೇಕು. ಬಯಾಪ್ಸಿ ಆಗಿದ್ದರೆ ಗೆಡ್ಡೆಯ ತುಂಡಿನ ಸ್ಲೈಡು ಮತ್ತು ಮೇಣದ ಬ್ಲಾಕನ್ನು ಅರ್ಜಿ ಬರೆದು ಬಿಡಿಸಿಕೊಳ್ಳಬೇಕು. ಸಿಡಿಯ ಎರಡು ಪ್ರತಿ ಮನೆಯಲ್ಲಿರಲಿ. 2020ರಲ್ಲಿ ಕೊರೊನಾ ಬಂದು ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಫೈಲೆಲ್ಲ ಮಂಗಳೂರಿನಲ್ಲಿ ಬಿಟ್ಟವರು ಪಟ್ಟ ಪಾಡು ಯಾರೂ ಮರೆತಿಲ್ಲ.

ಸರ್ಕಾರದ ದುಡ್ಡಿನ ಬಗ್ಗೆ ನಿಮಗೆಲ್ಲ ಗೊತ್ತು, ಎಡವುವ ಕಡೆ ಮಾತ್ರ ಹೇಳುತ್ತೇನೆ. ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಆದರೆ ದಾಖಲಾಗುವಾಗಲೇ ತೋರಿಸಬೇಕು. ಡಿಸ್ಚಾರ್ಜ್ ದಿನ ತೆಗೆದರೆ ಪ್ರಯೋಜನ ಇಲ್ಲ. ಮಂಗಳೂರಿಗೆ ಹೋಗುವವರು ಅಲ್ಲಿ ಅದು ನಡೆಯುತ್ತದೋ ಎಂದು ಮುಂಚೆಯೇ ಕೇಳಿಕೊಳ್ಳಬೇಕು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ಹಾಕಿದರೆ ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ಆಧಾರಿನಲ್ಲಿ ನಾಯ್ಕ್, ಮಲಯಾಳದ ರೇಷನ್ ಕಾರ್ಡಿನಲ್ಲಿ ನಾಯಕ್, ಪಾಸ್‌ಬುಕ್ಕಿನಲ್ಲಿ ನಾಯಿಕ. ಮೊದಲು ಅದನ್ನು ಒಂದು ಮಾಡಿಸಿ, ಆಮೇಲೆ ಅರ್ಜಿ.

ಖಾತೆ ಜಂಟಿಯಾಗಿರಲಿ: ಮನೆಯವರೊಬ್ಬರು, ಸಮಿತಿಯ ಇಬ್ಬರು, ಮೂವರಲ್ಲಿ ಇಬ್ಬರ ಸಹಿ. ಒಂದು ಸಮಿತಿ ಮನೆಯ ಹುಡುಗನ ಹಳೆಯ ಖಾತೆಯ ಕ್ಯೂಆರ್ ಕೋಡನ್ನೇ ಹಂಚಿತ್ತು. ಎಲ್ಲಿಯದೋ ವಂಚನೆಯ ದುಡ್ಡು ನಾಲ್ಕೈದು ಕೈ ದಾಟಿ ಎರಡು ಸಾವಿರವಾಗಿ ಅದಕ್ಕೂ ಬಿತ್ತು. ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆಯಂತೆ ಬ್ಯಾಂಕು ಖಾತೆಯನ್ನೇ ತಡೆಹಿಡಿಯಿತು, ಆಪರೇಷನ್ನಿಗೆ ಐದು ದಿನ ಇರುವಾಗ. ಅಂದಿನಿಂದ ಎರಡು ಬ್ಯಾಂಕಿನಲ್ಲಿ ಎರಡು ಖಾತೆ. ಒಂದು ಯುಪಿಐಗೆ, ಇನ್ನೊಂದು ಹೊರಗೆ ಯಾರಿಗೂ ಕೊಡದ ಖಾತೆ. ಎರಡು ಮೂರು ದಿನಕ್ಕೊಮ್ಮೆ ಮೊದಲನೆಯದನ್ನು ಖಾಲಿ ಮಾಡಿ ಎರಡನೆಯದಕ್ಕೆ, ಅಲ್ಲಿಂದ ನೇರ ಆಸ್ಪತ್ರೆಗೆ. ಯುಪಿಐಯಲ್ಲಿ ಆಸ್ಪತ್ರೆಗೆ ಒಂದು ಸಲಕ್ಕೆ 5 ಲಕ್ಷದ ತನಕ ಕಟ್ಟಬಹುದು. ನಗದು 2 ಲಕ್ಷ ತೆಗೆದುಕೊಂಡು ಹೋದರೆ ಕೌಂಟರಿನವರೇ ಹಿಂದೆ ಕಳಿಸುತ್ತಾರೆ. ಅಡ್ವಾನ್ಸು ಉಳಿದರೆ ವಾಪಸು ಸಮಿತಿ ಖಾತೆಗೇ ಬರಬೇಕೆಂದು ಕಟ್ಟುವ ದಿನವೇ ಬರೆದು ಕೊಡಬೇಕು. ಒಮ್ಮೆ ಅರುವತ್ತು ಸಾವಿರ ಯಾರದೋ ಭಾವನ ಖಾತೆಗೆ ಹೋಗಿ, ಹೊರಗೆ ತರಲು ಮೂರು ತಿಂಗಳು ಹಿಡಿಯಿತು. ಗಲ್ಫಿನಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟಿನವರಾದರೆ ಬ್ಯಾಂಕಿನ ದಾರಿಯಲ್ಲಿ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅವರ ಅರಬಿ ಸ್ನೇಹಿತ ಕೊಟ್ಟದ್ದು ಎನಿಸುತ್ತದೆ, ಅದನ್ನು ಸಮಿತಿ ಖಾತೆಗೆ ಹಾಕಿಸಬೇಡಿ.

ದುಡ್ಡು ಕೂಡಿಸುವ ದಾರಿಗಳಲ್ಲಿ ನಾನಾ ಪ್ರಯೋಗ ಆಗಿದೆ. ಬಿರಿಯಾನಿ ಚಾಲೆಂಜ್: ಪೊಟ್ಟಣಕ್ಕೆ 120, ಖರ್ಚು 78ರ ಆಸುಪಾಸು, ಸುಮಾರು 1,100 ಪೊಟ್ಟಣಕ್ಕೆ ನಲವತ್ತೈದು ಸಾವಿರ ಉಳಿಯಿತು. ಜೀರಕಶಾಲ ಅಕ್ಕಿ ಕೆ.ಜಿ.ಗೆ ಏಳೆಂಟು ಪೊಟ್ಟಣ, ಒಂದಕ್ಕೆ ಎರಡು ತುಂಡು ಕೋಳಿ. ಬಿಸಿಯಿರುವಾಗಲೇ ಮುಚ್ಚಳ ಹಾಕಿದರೆ ಬೆವರಿ ಮಧ್ಯಾಹ್ನಕ್ಕೆ ವಾಸನೆ ಬರುತ್ತದೆ, ಹತ್ತು ನಿಮಿಷ ತೆರೆದಿಡಬೇಕು. ನೀರ್ಚಾಲು ಕಡೆ ಬಿರಿಯಾನಿ ತೆಗೆದುಕೊಳ್ಳದ ಮನೆಗಳು ಹೆಚ್ಚು, ಅವರಿಗೆಂದು ಹೋಳಿಗೆ ಮಾಡಿಸಿದೆವು. ಕಾಯಿ ಹೋಳಿಗೆ ಮರುದಿನಕ್ಕೇ ಹಳಸಿತು, ಕಡಲೆಬೇಳೆಯದು ತಡೆಯಿತು. ಐದೈದರ ಪ್ಯಾಕೆಟ್, ನಾನೂರು ಪ್ಯಾಕೆಟ್ ಮಾರಿಹೋಯಿತು. ಬಸ್ಸಿನವರ ಕಾರುಣ್ಯ ಯಾತ್ರೆ (ಒಂದು ದಿನದ ಓಟದ ದುಡ್ಡು ರೋಗಿಗೆ) ತಿಂಗಳ ಮೊದಲ ವಾರ ಇಟ್ಟರೆ ಬಕೆಟ್ ತುಂಬುತ್ತದೆ, ಇಪ್ಪತ್ತೈದರ ಮೇಲೆ ಇಟ್ಟರೆ ಚಿಲ್ಲರೆ ಮಾತ್ರ. ಅಡಿಕೆ ಎತ್ತುವುದು ನನ್ನದೇ ಆಲೋಚನೆ, ದುಡ್ಡಿಲ್ಲ ಎನ್ನುವ ಮನೆಯೂ ಎರಡು ಕೆ.ಜಿ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಡುತ್ತದೆ. ಸುಮಾರು ಒಂದೂವರೆ ಕ್ವಿಂಟಲ್ ಆಯಿತು. ಹೊಸತು, ಹಳತು, ಪಟೋರ, ಕರಿಗೋಟು ಎಂಬ ಕೆಳದರ್ಜೆಯವು ಎಲ್ಲ ಒಂದೇ ಚೀಲಕ್ಕೆ ಸುರಿದದ್ದರಿಂದ ಇಡೀ ಚೀಲಕ್ಕೆ ಕೆಳಗಿನ ದರ ಹಾಕಿದರು, ಹತ್ತು ಹನ್ನೆರಡು ಸಾವಿರ ಕೈ ಬಿಟ್ಟಿತು. ಮುಂದಿನ ಸಲ ಅಂಗಳದಲ್ಲೇ ಹೆಕ್ಕಿ ಬೇರೆ ಮಾಡಿದೆವು. ಲಕ್ಕಿ ಕೂಪನ್ ಮಾತ್ರ ಬೇಡ. ಲಾಟರಿ ಕಾನೂನಿಗೆ ಸಿಗುತ್ತದೆ, ಸ್ಟೇಷನ್ನಿಂದ ಫೋನ್ ಬಂದದ್ದೇ ಲಾಭ.

ಎರಡನೇ ಕಂತು ಬಯಾಪ್ಸಿ ವರದಿ ಕೈಗೆ ಬಂದ ಮೇಲೆ. ಆಪರೇಷನ್ ಆದ ಕಡೆಯೇ ರೇಡಿಯೇಷನ್ ಆಗಬೇಕೆಂದಿಲ್ಲ. ಆರು ವಾರದಲ್ಲಿ ಮೆಷಿನಿನ ಬಿಲ್ಲಿಗಿಂತ ಲಾಡ್ಜು, ಊಟ, ಆಟೋ ಹೆಚ್ಚು ತಿನ್ನುವುದುಂಟು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನಮಗೆ ತಿರುವನಂತಪುರಕ್ಕಿಂತ ಎಷ್ಟೋ ಹತ್ತಿರ. ಕ್ಯಾನ್ಸರ್ ಎಂದು ಖಚಿತವಾದರೆ ರೈಲಿನ ಸ್ಲೀಪರ್, ಥರ್ಡ್ ಎಸಿಯಲ್ಲಿ ರೋಗಿಗೆ ಪೂರ್ತಿ ರಿಯಾಯಿತಿ, ಜತೆಗಾರರಿಗೆ ಶೇ. 75. ಆಸ್ಪತ್ರೆಯ ಫಾರ್ಮ್ ಬೇಕು. ಮನೆಖರ್ಚಿಗೆ ಹತ್ತು ಶೇಕಡಾ ಎಂದು ನೋಟಿಸಿನಲ್ಲೇ ಬರೆದುಬಿಡಬೇಕು. ಬರೆಯದೆ ಅಕ್ಕಿ ಕೊಂಡರೆ ಊರು ಮಾತಾಡುತ್ತದೆ.

ಮೂರನೇ ಕಂತು ಮಾತ್ರೆಗೆ, ಸ್ಕ್ಯಾನಿಗೆ. ಇಲ್ಲಿ ದುಡ್ಡು ಹಾಳಾಗುವುದು ಸಗಟು ಖರೀದಿಯಲ್ಲಿ. ರಿಯಾಯಿತಿ ಸಿಗುತ್ತದೆಂದು ಆರು ಸುತ್ತಿನದ್ದು ಒಟ್ಟಿಗೆ ತಂದಿದ್ದೆವು. ಟೆಮೊಜೊಲೊಮೈಡ್ ಡೋಸು ಮೈಯ ವಿಸ್ತೀರ್ಣಕ್ಕೆ ತಕ್ಕಂತೆ. 1.6 ಚದರ ಮೀಟರ್ ಇದ್ದವರಿಗೆ ರೇಡಿಯೇಷನ್ ಜತೆ ದಿನಕ್ಕೆ ಸುಮಾರು 120 ಮಿ.ಗ್ರಾಂ., ಮೊದಲ ಸುತ್ತಿನಲ್ಲಿ 240, ರಕ್ತದ ಕೌಂಟು ತಡೆದರೆ ಎರಡನೆಯದರಿಂದ 320. ಪ್ಲೇಟ್ಲೆಟ್ ಇಳಿದರೆ ಡಾಕ್ಟರು ಕಡಿಮೆ ಮಾಡುತ್ತಾರೆ, ಮುಂದೂಡುತ್ತಾರೆ, ನಿಲ್ಲಿಸುವುದೂ ಉಂಟು. ನಮ್ಮ 250 ಮಿ.ಗ್ರಾಂ. ಕ್ಯಾಪ್ಸೂಲಿನ ಪೊಟ್ಟಣಗಳು ಹಾಗೇ ಉಳಿದವು, ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಈಗ ಒಂದೊಂದೇ ಸುತ್ತಿನದ್ದು, ರಕ್ತಪರೀಕ್ಷೆಯ ವರದಿ ಬಂದ ಮೇಲೆ. 2024ರಿಂದ ಕೇರಳ ಸರ್ಕಾರದ ಕಾರುಣ್ಯ ಫಾರ್ಮಸಿಗಳಲ್ಲಿ ಜಿಲ್ಲೆಗೊಂದರಂತೆ ಕ್ಯಾನ್ಸರ್ ಮದ್ದನ್ನು ಲಾಭ ಇಟ್ಟುಕೊಳ್ಳದೆ ಕೊಡುವ ಕೌಂಟರ್ ಆಗಿದೆ, ಮೊದಲು ಅಲ್ಲಿ ದರ ಕೇಳಿ. ಮೆದುಳಿನ ಬಾವು ಇಳಿಸುವ ಸ್ಟಿರಾಯ್ಡ್ ಡೆಕ್ಸಮೆಥಸೋನ್ ತೆಗೆದುಕೊಳ್ಳುವವರಿಗೆ ಶುಗರ್ ಏರುತ್ತದೆ, ಗ್ಲುಕೋಮೀಟರ್ ಸ್ಟ್ರಿಪ್ಪಿನ ಖರ್ಚು ಬರೆದಿಡಿ. ಆ ಮಾತ್ರೆಯನ್ನು ದುಡ್ಡು ಉಳಿಸಲೆಂದು ಮನೆಯವರು ತಟ್ಟನೆ ನಿಲ್ಲಿಸಬಾರದು.

ಇನ್ನೊಂದು ಎಡವಟ್ಟು. ರೇಡಿಯೇಷನ್ ಮುಗಿದು ಎರಡು ಮೂರು ತಿಂಗಳ ಒಳಗಿನ ಸ್ಕ್ಯಾನಿನಲ್ಲಿ ಗೆಡ್ಡೆ ದೊಡ್ಡದಾದಂತೆ ಕಾಣುವುದುಂಟು, ನಿಜಕ್ಕೂ ಬೆಳೆದಿರಬೇಕೆಂದಿಲ್ಲ. ವರದಿ ಓದಿದ ಒಬ್ಬ ಸದಸ್ಯರು ರಾತ್ರಿಯೇ "ಗೆಡ್ಡೆ ಮತ್ತೆ ಬಂತು" ಎಂದು ಪೋಸ್ಟರ್ ಮಾಡಿ ಬಿಟ್ಟರು. ಎರಡು ದಿನದಲ್ಲಿ ಎಂಬತ್ತು ಸಾವಿರ ಬಂತು. ಮುಂದಿನ ಸ್ಕ್ಯಾನಿನಲ್ಲಿ ಅದು ಕುಗ್ಗಿತ್ತು. ಸಂತೋಷಪಡಬೇಕಾದ ಹೊತ್ತಿಗೆ ಲೆಕ್ಕ ಒಪ್ಪಿಸುವ ಕೆಲಸ ಆಯಿತು. ಡಾಕ್ಟರ ಬಾಯಿಂದ ಕೇಳದೆ ಪೋಸ್ಟರ್ ಇಲ್ಲ ಎಂಬುದು ಈಗ ಸಮಿತಿಯ ಠರಾವು.

ಕಂತು ತುಂಬುವುದು ಲೆಕ್ಕದಿಂದ. ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಬಂದದ್ದು, ಹೋದದ್ದು, ಬಿಲ್ಲಿನ ಫೋಟೊ (ರೋಗಿಯ ನಂಬರ್ ಮುಚ್ಚಿ) ಕನ್ನಡದಲ್ಲೊಂದು, ಮಲಯಾಳದಲ್ಲೊಂದು. ಒಂದು ವಾರ ತಪ್ಪಿದರೆ ಮುಂದಿನ ವಾರದ್ದು ಅರ್ಧಕ್ಕಿಳಿಯುತ್ತದೆ, ನೋಡಿದ್ದೇನೆ. ಪೋಸ್ಟರ್ ಬಿಡುವ ಮುಂಚೆ ಮೊದಲ ಹದಿನೈದು ಫೋನ್ ಯಾರಿಗೆ, ಯಾವ ಅನುಕ್ರಮದಲ್ಲಿ ಮಾಡಬೇಕೆಂಬುದಕ್ಕೆ ನನ್ನದೊಂದು ಪಟ್ಟಿ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕಿದರೆ ಹೇಳುತ್ತೇನೆ. ಹೊಲಿಗೆ ಹಾಕಿದ ತಲೆಯ ಫೋಟೊ ಹಾಕಿದರೆ ಹೆಚ್ಚು ಬರುತ್ತದೆ ಎನ್ನುವವರಿದ್ದಾರೆ. ನಮ್ಮ ಮೂರನೇ ಸಮಿತಿಯ ಪೋಸ್ಟರಿನಲ್ಲಿ ಅದು ಇರಲಿಲ್ಲ, ದುಡ್ಡೇನೂ ಕಡಿಮೆಯಾಗಲಿಲ್ಲ.

ಪ್ರತಿ ಪೋಸ್ಟರಿನಲ್ಲೂ ಕೊನೆಯ ದಿನಾಂಕ ದಪ್ಪಕ್ಷರದಲ್ಲಿರಲಿ. ತಾರೀಕು ಇಲ್ಲದ ನಮ್ಮ ಮೊದಲ ಪೋಸ್ಟರ್ ಮೂರು ವರ್ಷ ಆದ ಮೇಲೂ ವಾಟ್ಸಾಪಿನಲ್ಲಿ ತಿರುಗುತ್ತಿದೆ. ಖಾತೆ ಮುಚ್ಚಿದ್ದೇವೆ, ಆದರೂ ತಿಂಗಳಿಗೆ ಒಬ್ಬರಾದರೂ ಫೋನ್ ಮಾಡಿ "ದುಡ್ಡು ಹೋಗುತ್ತಿಲ್ಲವಲ್ಲ ಮಾಸ್ಟ್ರೇ" ಎನ್ನುತ್ತಾರೆ.